ತೂಬಿನ ಬಿರಡೆ, ಕೋವಿಯ ಕುದುರೆ

ಚುನಾವಣೆಗೆಂದು ಒಪ್ಪಿಸಿದ್ದ ಕೋವಿ, ಅದು ಮುಗಿದ ಮೇಲೆ ಪೊಲೀಸ್ ಠಾಣೆಯಿಂದ ವಾಪಸು ಬಂದಿತ್ತು. ಜನವರಿಯ ಚಳಿ. ಸಖರಾಯಪಟ್ಟಣದ ಹತ್ತಿರದ ತೋಟದ ಮನೆಯ ಜಗಲಿಯಲ್ಲಿ ಕೂತು ದೊಡ್ಡಪ್ಪ ಅದನ್ನು ಚೀಲದಿಂದ ತೆಗೆದರು. ಬೋಲ್ಟ್ ಹಿಂದಕ್ಕೆಳೆದು, ತೋಟಾ ಕೂರುವ ಗೂಡಿನೊಳಗೆ ಕಿರುಬೆರಳು ತೂರಿಸಿ, ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡರು. ನಳಿಗೆಯನ್ನು ಅಂಗಳದಾಚೆಯ ಮಣ್ಣಿನ ದಿಬ್ಬಕ್ಕೆ ತಿರುಗಿಸಿ ಬೋಲ್ಟ್ ಮುಚ್ಚಿದರು. 'ಟಕ್' ಎಂದಿತು.

ಆ ಸದ್ದು ಬರಬಾರದಿತ್ತು. ಅದು ಟ್ರಿಗರ್ ಎಳೆದಾಗ ಮಾತ್ರ ಬರಬೇಕಾದ ಸದ್ದು. ದೊಡ್ಡಪ್ಪನ ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ. ಮತ್ತೊಮ್ಮೆ ಬೋಲ್ಟ್ ಎಳೆದು ಮುಚ್ಚಿದರು, ಮತ್ತೆ 'ಟಕ್'. ಮೂರನೇ ಸಲ ಮಾತ್ರ ಒಳಗಿನ ಸ್ಪ್ರಿಂಗ್ ನಿಲ್ಲಬೇಕಾದಲ್ಲಿ ನಿಂತಿತು. ಅವರು ಕೋವಿಯನ್ನು ಗೋಡೆಗೆ ಒರಗಿಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗೂಡಿನಲ್ಲಿ ತೋಟಾ ಇದ್ದಿದ್ದರೆ ಆ ದಿಬ್ಬಕ್ಕೆ ಎರಡು ಗುಂಡು ಹೊಕ್ಕಿರುತ್ತಿದ್ದವು, ಯಾರೂ ಹಾರಿಸದೆ.

ಅದು ಅಜ್ಜನ ಕಾಲದ ಮೌಸರ್ ಮಾದರಿಯ ಬೋಲ್ಟ್ ಆಕ್ಷನ್ ರೈಫಲ್. ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಮನೆಯಲ್ಲಿ ಉಳಿದಿದೆ. ಅಮೆರಿಕದಲ್ಲಿರುವ ಅಣ್ಣನಿಗೆ, ಅಂದರೆ ದೊಡ್ಡಪ್ಪನ ಮಗನಿಗೆ, ರಾತ್ರಿ ಫೋನಿನಲ್ಲಿ ಹೇಳಿದಾಗ ಅವನು, "ಅಪ್ಪಾ, ಇಲ್ಲಿ ಅಂಗಡಿಯಲ್ಲೇ ಹೊಸ ಟ್ರಿಗರ್ ಸಿಗುತ್ತೆ. ಈ ಸಲ ಬರುವಾಗ ಒಂದು ತಂದುಬಿಡ್ತೀನಿ, ಹಳೇದು ಬಿಚ್ಚಿ ಹೊಸದು ಕೂರಿಸಿದರಾಯ್ತು" ಎಂದ. ಅಷ್ಟು ಸುಲಭವೇ? ಈ ಅಧ್ಯಾಯ ಹುಟ್ಟಿದ್ದು ಆ ಪ್ರಶ್ನೆಯಿಂದ. ಟ್ರಿಗರ್ ಎಂದರೆ ಗುಂಡು ಹಾರಿಸುವ ಸಾಧನ ಎಂದುಕೊಂಡಿದ್ದೆ. ಒಳಹೊಕ್ಕು ನೋಡಿದ ಮೇಲೆ ತಿಳಿಯಿತು: ಅದು ಮೊದಲಿಗೆ, ಮತ್ತು ಹೆಚ್ಚಾಗಿ, ಗುಂಡು ಹಾರದಂತೆ ತಡೆಯುವ ಸಾಧನ.

ಅಯ್ಯನಕೆರೆಯ ಪಾಠ

ಸಖರಾಯಪಟ್ಟಣದವರಿಗೆ ಟ್ರಿಗರ್ ವಿಚಾರ ಅರ್ಥ ಮಾಡಿಸಲು ಬೇರೆ ಉದಾಹರಣೆ ಬೇಕಿಲ್ಲ. ಬಾಬಾಬುಡನ್‌ಗಿರಿಯಿಂದ ಇಳಿದ ನೀರು ಶಕುನಗಿರಿಯ ಬುಡದಲ್ಲಿ ನಿಂತು ಅಯ್ಯನಕೆರೆಯಾಗಿದೆ. ರುಕ್ಮಾಂಗದರಾಯ ಕಟ್ಟಿಸಿದ ಕೆರೆ ಎಂಬುದು ಊರಿನ ನಂಬಿಕೆ. ಏರಿಯ ಮೇಲೆ ನಿಂತು ಒಂದು ಕಡೆ ನೋಡಿದರೆ ನೀರು, ಇನ್ನೊಂದು ಕಡೆ ನೋಡಿದರೆ ಅದಕ್ಕಿಂತ ತಗ್ಗಿನಲ್ಲಿ ಗದ್ದೆ, ತೆಂಗು, ಅಡಿಕೆ. ಎತ್ತರದಲ್ಲಿ ನಿಂತ ನೀರೆಂದರೆ ಕೂಡಿಟ್ಟ ಶಕ್ತಿ. ಆ ಶಕ್ತಿಯನ್ನು ಹಿಡಿದಿರುವುದು ಏರಿ. ಬೇಕಾದಾಗ ಬೇಕಾದಷ್ಟು ಬಿಡುವುದು ತೂಬು. ಹಳೆಯ ಕಾಲದ ತೂಬಿನಲ್ಲಿ ಕಲ್ಲಿನ ಚಪ್ಪಡಿಗೆ ಕೊರೆದ ಕಂಡಿ, ಆ ಕಂಡಿಗೆ ಕೂರುವ ಒಂದು ಬಿರಡೆ. ನೀರುಗಂಟಿ ಬಿರಡೆಯನ್ನು ಒಂದು ಗೇಣು ಎತ್ತಿದರೆ ನೂರಾರು ಎಕರೆಯ ದಿಕ್ಕಿಗೆ ನೀರು ಹೊರಡುತ್ತಿತ್ತು. ಅವನ ತೋಳಿನ ಬಲಕ್ಕೂ ಹೊರಟ ನೀರಿನ ಬಲಕ್ಕೂ ಯಾವ ಹೋಲಿಕೆಯೂ ಇಲ್ಲ. ಅವನು ನೀರನ್ನು ತಳ್ಳಲಿಲ್ಲ, ತಡೆಯನ್ನು ಸರಿಸಿದ, ಅಷ್ಟೆ.

ಈ ಕೆರೆಯ ಬಗ್ಗೆ ಊರಿನಲ್ಲಿ ಒಂದು ಕಥೆ ಇದೆ. ಕೆರೆ ಒಡೆಯುವ ಹಂತಕ್ಕೆ ಬಂದಾಗ ಕೆರೆಯ ದೇವತೆ ನೀರುಗಂಟಿಗೆ ಕಾಣಿಸಿಕೊಂಡು, ತಾನಿನ್ನು ಹೊರಡುತ್ತೇನೆ ಎಂದಳಂತೆ. "ಊರಿಗೆ ಸುದ್ದಿ ಮುಟ್ಟಿಸಿ ಬರ್ತೀನಿ, ನಾನು ಬರೋ ತನಕ ತಡಿ ತಾಯಿ" ಎಂದು ಅವನು ಭಾಷೆ ಪಡೆದು ಓಡಿದ. ಸುದ್ದಿ ಕೇಳಿದ ಅರಸ, ಇವನು ಮರಳದಿದ್ದರೆ ಕೆರೆ ಎಂದೆಂದಿಗೂ ಒಡೆಯದು ಎಂದು ಎಣಿಸಿ ಅವನ ಜೀವ ತೆಗೆಸಿದನಂತೆ. ಕೊಟ್ಟ ಮಾತಿಗೆ ಕಟ್ಟುಬಿದ್ದ ದೇವತೆ ಇನ್ನೂ ಕಾಯುತ್ತಿದ್ದಾಳೆ. ಬೆಟ್ಟದಷ್ಟು ಬಲವನ್ನು ಕೂದಲೆಳೆಯಂಥದ್ದೊಂದು ತಡೆದು ನಿಲ್ಲಿಸಿದೆ ಎಂಬ ಅರಿವು ಈ ಕಥೆಯಲ್ಲಿದೆ. ಆ ಕೂದಲೆಳೆ ಉಕ್ಕಿನದಾದರೆ ಅದರ ಹೆಸರು ಸಿಯರ್.

ಒಳಗೆ ಸೇರಿಕೊಂಡ ಕುದುರೆ

ಹಳೆಯ ಕೇಪಿನ ಕೋವಿಯಲ್ಲಿ ಹಿಂದಕ್ಕೆಳೆದು ನಿಲ್ಲಿಸುವ ಸುತ್ತಿಗೆಯಂಥ ತುಂಡಿಗೆ ನಮ್ಮವರು ಕುದುರೆ ಎನ್ನುತ್ತಾರೆ. ಚೆಂದದ ಹೆಸರು. ಕಡಿವಾಣ ಹಾಕಿ ನಿಲ್ಲಿಸಿದ ಕುದುರೆ, ಬಿಟ್ಟರೆ ನೆಗೆಯುತ್ತದೆ. ಬೋಲ್ಟ್ ಆಕ್ಷನ್ ರೈಫಲ್ಲಿನಲ್ಲಿ ಹೊರಗೆ ಕುದುರೆ ಕಾಣುವುದಿಲ್ಲ. ಅದು ಬೋಲ್ಟಿನ ಹೊಟ್ಟೆಯೊಳಗೆ ಸೇರಿಕೊಂಡಿದೆ. ಬೋಲ್ಟ್ ಎಂದರೆ ಬಾಗಿಲಿನ ಅಗುಳಿಯಂತೆ ಹಿಂದೆ ಮುಂದೆ ಸರಿದು, ತಿರುಗಿ, ತೋಟಾದ ಹಿಂಭಾಗವನ್ನು ಭದ್ರವಾಗಿ ಮುಚ್ಚುವ ಉಕ್ಕಿನ ಕೊಳವೆ. ಅದರೊಳಗೆ ಒಂದು ಬಲವಾದ ಸ್ಪ್ರಿಂಗ್, ಸ್ಪ್ರಿಂಗಿನ ನಡುವೆ ಚೂಪು ತುದಿಯ ಫೈರಿಂಗ್ ಪಿನ್.

ಜರ್ಮನಿಯ ಪಾಲ್ ಮೌಸರ್ ರೂಪಿಸಿದ 1898ರ ಮಾದರಿಯೇ ಜಗತ್ತಿನ ಬಹುಪಾಲು ಬೇಟೆ ರೈಫಲ್ಲುಗಳ ಮೂಲ. ಅದರಲ್ಲಿ ಬೋಲ್ಟಿನ ಹಿಡಿಯನ್ನು ಮೇಲೆತ್ತಿದಾಗ ಪಿನ್ನು ಹಿಂದೆ ಸರಿದು ಸ್ಪ್ರಿಂಗ್ ಬಿಗಿಯುತ್ತದೆ. ಬೋಲ್ಟನ್ನು ಮುಂದೆ ತಳ್ಳಿ ಮುಚ್ಚುವಾಗ ಪಿನ್ನಿನ ಹಿಂಬದಿಯ ಗುಬ್ಬು ಕೆಳಗಿನಿಂದ ತಲೆಯೆತ್ತಿ ನಿಂತ ಸಿಯರ್ ಎಂಬ ತುಂಡಿಗೆ ಸಿಕ್ಕಿ ನಿಲ್ಲುತ್ತದೆ. ಸ್ಪ್ರಿಂಗ್ ಮುಂದಕ್ಕೆ ತಳ್ಳುವ ಬಲ ಸುಮಾರು 8ರಿಂದ 10 ಕಿಲೋ ತೂಕದಷ್ಟು. ಅದನ್ನು ತಡೆದಿರುವುದು ಒಂದರ ಮೇಲೊಂದು ಆತುಕೊಂಡ ಎರಡು ಉಕ್ಕಿನ ಅಂಚು. ನುಣುಪಾಗಿ ಹೊಂದಿಸಿದ ಟ್ರಿಗರಿನಲ್ಲಿ ಕೊನೆಯ ಘಟ್ಟದಲ್ಲಿ ಈ ಅಂಚುಗಳು ಒಂದನ್ನೊಂದು ಹಿಡಿದಿರುವ ಅಗಲ ಸುಮಾರು ಅರ್ಧ ಮಿಲಿಮೀಟರ್. ಶಾಲೆಯ ನೋಟ್‌ಬುಕ್ಕಿನ ಐದಾರು ಹಾಳೆ ಒಟ್ಟಿಗೆ ಹಿಡಿದರೆ ಎಷ್ಟು ದಪ್ಪವೋ ಅಷ್ಟು.

ಈಗ ಲೆಕ್ಕ ಹಾಕೋಣ. ಟ್ರಿಗರ್ ಎಳೆತ ಒಂದೂವರೆ ಕಿಲೋ ಎನ್ನಿ. ಕೊನೆಯ ಘಟ್ಟದಲ್ಲಿ ಬೆರಳು ಅರ್ಧ ಮಿಲಿಮೀಟರ್ ಚಲಿಸುತ್ತದೆ. ಬೆರಳು ಮಾಡಿದ ಕೆಲಸ 0.0075 ಜೌಲ್‌ನಷ್ಟು. ಒಂದು ಹತ್ತು ರೂಪಾಯಿ ನಾಣ್ಯವನ್ನು ಮೇಜಿನಿಂದ 10 ಸೆಂಟಿಮೀಟರ್ ಎತ್ತಿದರೆ ಇಷ್ಟೇ ಶಕ್ತಿ ಬೇಕು. ಬಿಡುಗಡೆಯಾದ ಸ್ಪ್ರಿಂಗ್ ಪಿನ್ನಿಗೆ ಕೊಡುವ ಶಕ್ತಿ ಸುಮಾರು ಒಂದು ಜೌಲ್. ಪಿನ್ನಿನ ಪೆಟ್ಟಿಗೆ ತೋಟಾದ ಹಿಂಬದಿಯ ಕೇಪು ಕಿಡಿಯಾಗಿ, ಕಿಡಿಯಿಂದ ಮದ್ದು ಉರಿದು, .30-06 ತೋಟಾದ ಗುಂಡು ನಳಿಗೆಯಿಂದ ಹೊರಡುವಾಗ ಹೊತ್ತಿರುವ ಶಕ್ತಿ ಸುಮಾರು 4,000 ಜೌಲ್. 50 ಕಿಲೋ ಈರುಳ್ಳಿ ಮೂಟೆಯನ್ನು ಎಂಟು ಮೀಟರ್ ಎತ್ತರಕ್ಕೆ, ಒಂದು ತೆಂಗಿನ ಮರದ ತುದಿಗೆ, ಏರಿಸುವಷ್ಟು. ಬೆರಳು ಕೊಟ್ಟದ್ದಕ್ಕೂ ಗುಂಡು ಪಡೆದದ್ದಕ್ಕೂ ಐದು ಲಕ್ಷ ಪಟ್ಟು ವ್ಯತ್ಯಾಸ. ನಾಣ್ಯ ಎತ್ತುವ ಶ್ರಮದಲ್ಲಿ ಮೂಟೆ ಮರ ಹತ್ತುತ್ತದೆ. ಆದ್ದರಿಂದಲೇ ಆ ಅರ್ಧ ಮಿಲಿಮೀಟರ್ ಉಕ್ಕಿನ ಮೇಲೆ ಮನುಷ್ಯ ಇಷ್ಟು ತಲೆ ಕೆಡಿಸಿಕೊಂಡಿರುವುದು.

ಈ ವಿದ್ಯೆ ಕೋವಿಗಿಂತ ಹಳೆಯದು. ಚೀನಾದ ಶಿಯಾನ್ ಬಳಿ ಚಕ್ರವರ್ತಿ ಚಿನ್ ಶಿ ಹುವಾಂಗನ ಸಮಾಧಿಯ ಮಣ್ಣಿನ ಸೈನಿಕರ ಜೊತೆ ಅಡ್ಡಬಿಲ್ಲುಗಳ ಕಂಚಿನ ಟ್ರಿಗರುಗಳು ಸಿಕ್ಕಿವೆ. ಸುಮಾರು 2,200 ವರ್ಷಗಳ ಹಿಂದೆಯೇ ಅವುಗಳ ಬಿಡಿ ತುಂಡುಗಳನ್ನು ಅಳತೆಗೆ ತಕ್ಕಂತೆ ಎರಕ ಹೊಯ್ದು, ನುಣುಪು ಮಾಡಿ ಜೋಡಿಸಿದ್ದರು. ಬಿಗಿದ ಹೆದೆಯನ್ನು ಚಿಕ್ಕ ಅಂಚಿನಲ್ಲಿ ಹಿಡಿಯುವುದು, ಬೆರಳಿನಿಂದ ಬಿಡುವುದು: ತತ್ತ್ವ ಅಂದಿನದೇ.

ಬೆರಳಿಗೆ ತಿಳಿಯುವ ವಿಜ್ಞಾನ

ಟ್ರಿಗರ್ ಎಳೆಯುವಾಗ ಬೆರಳಿಗೆ ನಾಲ್ಕು ಘಟ್ಟ ತಿಳಿಯುತ್ತದೆ. ಮೊದಲು ಸಡಿಲು: ಯಾವ ಭಾರವೂ ಇಲ್ಲದೆ ಟ್ರಿಗರ್ ಸ್ವಲ್ಪ ಹಿಂದೆ ಸರಿಯುವುದು. ಆಮೇಲೆ ತೆವಳು: ಅಂಚುಗಳು ಒಂದರ ಮೇಲೊಂದು ಉಜ್ಜುತ್ತಾ ಸರಿಯುವುದು. ಮೂರನೆಯದು ಬಿಡುಗಡೆ. ಕೊನೆಯದು ಮೀರುನಡೆ: ಬಿಡುಗಡೆಯಾದ ಮೇಲೂ ಬೆರಳು ಹಿಂದಕ್ಕೆ ಹೋಗುವುದು.

ಇವುಗಳಲ್ಲಿ ತೆವಳು ಗುರಿಕಾರನ ದೊಡ್ಡ ಶತ್ರು. ಕಾರಣ ಘರ್ಷಣೆಯ ಸ್ವಭಾವ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಕದಲಿದ್ದನ್ನು ಎಳೆಯಲು ಬೇಕಾದ ಬಲಕ್ಕಿಂತ ಹೆಚ್ಚು. ಜಾತ್ರೆಯಲ್ಲಿ ತೇರು ಎಳೆದವರಿಗೆ ಇದು ಗೊತ್ತು. ಮೊದಲ ಜಗ್ಗಿಗೆ ಸಾವಿರ ಕೈ ಬೇಕು, ಹೊರಟ ಮೇಲೆ ಹಗ್ಗ ಸಡಿಲಾಗುತ್ತದೆ. ಒರಟಾದ ಸಿಯರಿನಲ್ಲಿ ಅರ್ಧ ಮಿಲಿಮೀಟರಿನೊಳಗೇ ಹೀಗೆ ಹಿಡಿದು, ಜಾರಿ, ಮತ್ತೆ ಹಿಡಿದು ಜಾರುತ್ತದೆ. ಪ್ರತಿ ಸಲ ಜಾರಿದಾಗಲೂ ಬೆರಳಿನ ಒತ್ತಡ ಕೈಗೆ, ಕೈಯಿಂದ ಕೋವಿಗೆ ಹರಿದು ನಳಿಗೆ ಅಲುಗುತ್ತದೆ. ಎಣ್ಣೆ ಸವರಿದ ನುಣುಪು ಉಕ್ಕುಗಳ ನಡುವಿನ ಘರ್ಷಣಾಂಕ 0.1ರ ಆಸುಪಾಸು. ಅದೇ ಉಕ್ಕು ಒಣಗಿ ತುಕ್ಕು ಹಿಡಿದರೆ 0.5ನ್ನೂ ದಾಟಬಹುದು. ಸ್ಪ್ರಿಂಗ್ ಅದೇ, ಅಂಚು ಅದೇ, ಎಳೆತ ಮಾತ್ರ ಹಲವು ಪಟ್ಟು.

ನಳಿಗೆ ಅಲುಗಿದರೆ ಏನಾಗುತ್ತದೆ ಎಂಬುದಕ್ಕೆ ಹೈಸ್ಕೂಲಿನ ರೇಖಾಗಣಿತ ಸಾಕು. ಹಿಂದಿನ ಗುರಿಗಣ್ಣಿಗೂ ಮುಂದಿನ ಗುರಿಮೊನೆಗೂ ನಡುವೆ 60 ಸೆಂಟಿಮೀಟರ್ ಇದೆ ಎನ್ನಿ. ಬಿಡುಗಡೆಯ ಗಳಿಗೆಯಲ್ಲಿ ಮೊನೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 100 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಬೇಟೆಯ ಕಾಲದಲ್ಲಿ ಇದೇ 17 ಸೆಂಟಿಮೀಟರ್ ಒಂದು ಪ್ರಾಣಿ ತಕ್ಷಣ ಸಾಯುವುದಕ್ಕೂ, ಹೊಟ್ಟೆಗೆ ಪೆಟ್ಟು ತಿಂದು ಮೂರು ದಿನ ಪೊದೆಯಲ್ಲಿ ನರಳುವುದಕ್ಕೂ ನಡುವಿನ ದೂರವಾಗಿತ್ತು.

ನಮ್ಮ ಕೈಯ ರಚನೆಯೂ ಇಲ್ಲಿ ಸಹಾಯ ಮಾಡುವುದಿಲ್ಲ. ಬೆರಳುಗಳನ್ನು ಮಡಿಸುವ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಉದ್ದನೆಯ ಕಂಡರಗಳ ಮೂಲಕ ಅವು ಬೆರಳನ್ನು ಎಳೆಯುತ್ತವೆ. ಒಂದು ಬೆರಳಿಗೆ ಕೊಟ್ಟ ಅಪ್ಪಣೆ ಪಕ್ಕದ ಬೆರಳಿಗೂ ಸ್ವಲ್ಪ ಮುಟ್ಟುತ್ತದೆ. ಉಂಗುರದ ಬೆರಳನ್ನು ಮಾತ್ರ ಮಡಿಸಲು ನೋಡಿ, ಕಿರುಬೆರಳೂ ನಡುಬೆರಳೂ ಜೊತೆಗೆ ಬಾಗುತ್ತವೆ. ತೋರುಬೆರಳಿಗೆ ಸ್ವಾತಂತ್ರ್ಯ ಹೆಚ್ಚು. ಆದರೂ ಟ್ರಿಗರ್ ಭಾರವಾದಷ್ಟೂ ಇಡೀ ಹಸ್ತ ಹಿಂಡುತ್ತದೆ, ಕೋವಿ ತಿರುಗುತ್ತದೆ.

ಇದನ್ನು ಗೆಲ್ಲಲು ಅಜ್ಜ ದೊಡ್ಡಪ್ಪನಿಗೆ ಕಲಿಸಿದ ಅಭ್ಯಾಸ ಸರಳ. ಖಾಲಿ ಕೋವಿ, ಎದುರಿಗೆ ಮಣ್ಣಿನ ದಿಬ್ಬ, ನಳಿಗೆಯ ತುದಿಯ ಮೇಲೆ ಒಂದು ನಾಣ್ಯ. ನಾಣ್ಯ ಬೀಳದಂತೆ ಟ್ರಿಗರ್ ಎಳೆಯಬೇಕು. ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ ದೊಡ್ಡಪ್ಪ ಒಂದು ಇಡೀ ಬೇಸಿಗೆ ಇದನ್ನೇ ಮಾಡಿದರಂತೆ, ಒಂದೂ ಗುಂಡು ಸುಡದೆ. ಪಿನ್ನು ಬಿಡುಗಡೆಯಾಗಿ ಕೇಪಿಗೆ ಬಡಿಯಲು ಕೆಲವೇ ಮಿಲಿಸೆಕೆಂಡ್ ಸಾಕು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಬೇಕಾದದ್ದು ಸುಮಾರು 200 ಮಿಲಿಸೆಕೆಂಡ್. ಟ್ರಿಗರ್ ಬಿಟ್ಟ ಮೇಲೆ ಮನಸ್ಸು ಬದಲಾಯಿಸಲು ಯಾರಿಂದಲೂ ಆಗದು. ಏನು ಸರಿಮಾಡಿಕೊಳ್ಳುವುದಿದ್ದರೂ ಅದಕ್ಕೆ ಮುಂಚೆ.

ಒಂದು ಹಂತ, ಎರಡು ಹಂತ

ಮೂಲ ಮೌಸರ್ ಟ್ರಿಗರ್ ಎರಡು ಹಂತದ್ದು. ಟ್ರಿಗರಿನ ನೆತ್ತಿಯಲ್ಲಿ ಎರಡು ಗುಬ್ಬುಗಳಿವೆ. ಮೊದಲ ಗುಬ್ಬು ಊರಿಕೊಂಡಾಗ ಸನ್ನೆಗೋಲಿನ ಲಾಭ ಹೆಚ್ಚು, ಎಳೆತ ಹಗುರ, ದಾರಿ ಉದ್ದ. ಸಿಯರ್ ಬಹುಪಾಲು ಕೆಳಗಿಳಿಯುವುದು ಈ ಹಂತದಲ್ಲೇ. ಎರಡನೇ ಗುಬ್ಬು ತಾಗಿದೊಡನೆ ಬೆರಳಿಗೆ ಗೋಡೆ ಮುಟ್ಟಿದಂತೆ ತಿಳಿಯುತ್ತದೆ. ಅಲ್ಲಿಂದಾಚೆ ಭಾರ ಹೆಚ್ಚು, ದಾರಿ ಕೂದಲಷ್ಟು. ಸೈನಿಕ ಕೋವಿಗೆ ಇದು ಬೇಕಿತ್ತು. ಧಾವಂತದಲ್ಲಿ ಓಡುವಾಗ, ಬೀಳುವಾಗ ಸಿಯರ್ ಆಳವಾಗಿ ಹಿಡಿದಿರುತ್ತದೆ. ಗುರಿ ಹಿಡಿದಾಗ ಮಾತ್ರ ತುದಿಗೆ ಬರುತ್ತದೆ. ಬ್ರಿಟಿಷ್ ಭಾರತದ ಸೇನೆಯ .303 ಲೀ ಎನ್‌ಫೀಲ್ಡ್ ಕೂಡ ಎರಡು ಹಂತದ್ದೇ. ಪಶ್ಚಿಮ ಬಂಗಾಳದ ಇಷಾಪುರ ಕಾರ್ಖಾನೆ ಅದೇ ಮಾದರಿಯಲ್ಲಿ ಮಾಡಿದ, ನಮ್ಮಲ್ಲಿ ಹಲವರ ಬಳಿ ಇರುವ .315 ಬೋರಿನ ನಾಗರಿಕ ರೈಫಲ್ಲಿಗೂ ಅದೇ ಗುಣ ಬಂದಿದೆ.

ಒಂದು ಹಂತದ ಟ್ರಿಗರಿನಲ್ಲಿ ಸಡಿಲು ಇಲ್ಲ. ಬೆರಳಿಟ್ಟೊಡನೆ ಗೋಡೆ, ಒತ್ತಿದರೆ ಗಾಜಿನ ಕಡ್ಡಿ ಮುರಿದಂತೆ ಬಿಡುಗಡೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕರು ಮನೆಗೆ ತಂದ ಮೌಸರುಗಳನ್ನು ಬೇಟೆ ರೈಫಲ್ಲುಗಳಾಗಿ ಮಾರ್ಪಡಿಸುವ ಹವ್ಯಾಸ ಬೆಳೆಯಿತು. ಅವರಿಗೆ ಸೈನ್ಯದ ಉದ್ದನೆಯ ಎಳೆತ ಬೇಡವಾಗಿತ್ತು. 1946ರಲ್ಲಿ ಶುರುವಾದ ಟಿಮ್ನಿಯಂಥ ಕಂಪನಿಗಳು ಬೆಳೆದದ್ದು ಈ ಬೇಡಿಕೆಯಿಂದ: ಹಳೆಯ ಟ್ರಿಗರ್ ತೆಗೆದು ಅದೇ ಜಾಗಕ್ಕೆ ಕೂರಿಸುವ, ಎಳೆತವನ್ನು ತಿರುಪಿನಿಂದ ಹೊಂದಿಸಬಹುದಾದ ಬದಲಿ ಟ್ರಿಗರ್. ಅಣ್ಣ ತರುತ್ತೇನೆಂದದ್ದು ಇಂಥದ್ದನ್ನೇ.

ಎಷ್ಟು ಹಗುರ?

ಬದಲಿ ಟ್ರಿಗರ್ ಕೊಳ್ಳುವವರ ಮೊದಲ ಪ್ರಶ್ನೆ ಇದು. ಹಗುರವಾದಷ್ಟೂ ಗುರಿ ನಿಖರ ಎಂಬುದು ನಿಜ, ಆದರೆ ಒಂದು ಮಿತಿಯ ತನಕ. ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ ಎಳೆತ 500 ಗ್ರಾಂ ಇರಲೇಬೇಕೆಂಬ ನಿಯಮವಿದೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದು ಈ ವಿಭಾಗದಲ್ಲಿ. ಸ್ಪರ್ಧೆಗೆ ಮುಂಚೆ ಪಿಸ್ತೂಲಿನ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ 500 ಗ್ರಾಂ ತೂಕವನ್ನು ತೂಗುಹಾಕಿ ಎತ್ತುತ್ತಾರೆ. ಟ್ರಿಗರ್ ಬಿಟ್ಟುಕೊಡದೆ ತೂಕ ಮೇಲೇರಬೇಕು. 25 ಮೀಟರ್ ಪಿಸ್ತೂಲಿಗೆ ಈ ಮಿತಿ ಒಂದು ಕಿಲೋ. ಇದೆಲ್ಲ ಸಮತಟ್ಟಾದ ನೆಲ, ಕಟ್ಟುನಿಟ್ಟಿನ ಅಂಕಣ, ಅಧಿಕಾರಿಯ ಅಪ್ಪಣೆ ಇರುವ ಕಡೆ. ಇಬ್ಬನಿಯಲ್ಲಿ ಜಾರುವ ತೋಟದ ಬದುವಿನ ಮೇಲೆ, ನಡುಗುವ ಬೆರಳಿಗೆ, ಅಷ್ಟು ಹಗುರ ಎಳೆತ ಸಲ್ಲದು.

ಸಲ್ಲದು ಏಕೆ ಎಂಬುದಕ್ಕೂ ಲೆಕ್ಕವಿದೆ. ಕೋವಿ ಕೈಜಾರಿ ಒಂದು ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದು, ಒಂದು ಸೆಂಟಿಮೀಟರಿನೊಳಗೆ ನಿಂತಿತು ಎನ್ನಿ. ಆ ನಿಲ್ಲುವ ಗಳಿಗೆಯಲ್ಲಿ ಅದರ ಪ್ರತಿ ಭಾಗದ ಮೇಲೂ ಗುರುತ್ವದ ನೂರು ಪಟ್ಟು ಬಲ ಬೀಳುತ್ತದೆ. ಟ್ರಿಗರ್ ತುಂಡಿನ ತೂಕ ಬರೀ 10 ಗ್ರಾಂ ಆದರೂ ಅದು ಒಂದು ಕಿಲೋ ಬಲದಿಂದ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಎಳೆತವನ್ನು 500 ಗ್ರಾಮಿಗೆ ಇಳಿಸಿದ್ದರೆ ಕೋವಿ ಬೀಳುವುದೇ ಸಾಕು, ಬೆರಳು ಬೇಕಿಲ್ಲ. ಬೇಟೆ ರೈಫಲ್ಲಿನ ಎಳೆತವನ್ನು ಸಾಮಾನ್ಯವಾಗಿ ಒಂದೂವರೆ ಕಿಲೋದ ಆಸುಪಾಸಿನಲ್ಲಿ ಇಡುವುದರ ಹಿಂದೆ ಈ ನೂರು ಪಟ್ಟು ಇದೆ.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2014ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ತನ್ನ ಎಕ್ಸ್-ಮಾರ್ಕ್ ಪ್ರೊ ಎಂಬ ಟ್ರಿಗರ್ ಇದ್ದ, 2006ರಿಂದ ಮಾರಿದ್ದ ರೈಫಲ್ಲುಗಳನ್ನು ವಾಪಸು ಕರೆಸಿತು. ಜೋಡಿಸುವಾಗ ಬಳಸಿದ ಅಂಟು ಕೆಲವು ಟ್ರಿಗರುಗಳಲ್ಲಿ ಹೆಚ್ಚಾಗಿತ್ತು. ಅದರಿಂದ ಬೆರಳು ಮುಟ್ಟದೆಯೇ ಗುಂಡು ಹಾರುವ ಸಾಧ್ಯತೆ ಇತ್ತು. ಒಂದು ತೊಟ್ಟು ಅಂಟು ಸಾಕಾಯಿತು. ಇದನ್ನು ಓದಿದಾಗ ನನಗೆ ನಮ್ಮ ಜಗಲಿಯ 'ಟಕ್' ನೆನಪಾಯಿತು.

ಕೋವಿ ಮೇಸ್ತ್ರಿಯ ಮೇಜಿನ ಮೇಲೆ

ರಿಪೇರಿ ಲೈಸೆನ್ಸ್ ಇರುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಕೋವಿ ಒಯ್ದೆವು. ದೊಡ್ಡಪ್ಪ ಹೇಳಿದ್ದನ್ನೆಲ್ಲ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಎಣ್ಣೆ ಹಾಕ್ತೀರಿ ಯಜಮಾನ್ರೆ?"

"ಮನೇದೇ, ಕೊಬ್ಬರಿ ಎಣ್ಣೆ."

ಮೇಸ್ತ್ರಿ ತಲೆಯಾಡಿಸಿ ಎರಡು ತಿರುಪು ಬಿಚ್ಚಿ, ಮರದ ಹಿಡಿಯಿಂದ ಉಕ್ಕಿನ ಭಾಗವನ್ನು ಬೇರ್ಪಡಿಸಿ, ಮಗುಚಿ ತೋರಿಸಿದರು. ಸಿಯರ್ ಓಲಾಡುವ ಕೀಲಿನಲ್ಲಿ, ಅದನ್ನು ಮೇಲಕ್ಕೆತ್ತುವ ಪುಟ್ಟ ಸ್ಪ್ರಿಂಗಿನ ಸುರುಳಿಗಳಲ್ಲಿ, ಬೆಳ್ಳಗೆ ತುಪ್ಪದಂಥದ್ದು ಹೆಪ್ಪುಗಟ್ಟಿತ್ತು. ಸುತ್ತ ಧೂಳು ಸೇರಿ ಕಂದು ಜಿಡ್ಡಾಗಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಗ್ಗೆ ಬಚ್ಚಲಿನ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುವುದು ಈ ಸೀಮೆಯಲ್ಲಿ ಎಲ್ಲರಿಗೂ ಅಭ್ಯಾಸ. ಬಾಟಲಿಯಲ್ಲಿ ಆಗುವುದು ಕೋವಿಯೊಳಗೂ ಆಗುತ್ತದೆ ಎಂದು ನಮಗೆ ಹೊಳೆದಿರಲಿಲ್ಲ. ಹೆಪ್ಪುಗಟ್ಟಿದ ಎಣ್ಣೆ ಸಿಯರನ್ನು ಪೂರ್ತಿ ತಲೆಯೆತ್ತಲು ಬಿಟ್ಟಿರಲಿಲ್ಲ. ಪಿನ್ನಿನ ಗುಬ್ಬು ಅಂಚಿನಲ್ಲಿ ಮಾತ್ರ ತಾಗಿ, ಬೋಲ್ಟಿನ ಹಿಡಿ ಕೆಳಗಿಳಿದ ಅದುರಿಗೆ ಜಾರಿ ಹೋಗಿತ್ತು. ಮೂರನೇ ಸಲಕ್ಕೆ ಉಜ್ಜಿದ ಬಿಸಿಗೋ ಅಲುಗಾಟಕ್ಕೋ ಜಿಡ್ಡು ಸಡಿಲಾಗಿ ಸಿಯರ್ ತನ್ನ ಜಾಗಕ್ಕೆ ಬಂದಿತ್ತು.

ಅವರು ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ, ತೆಳು ಗನ್ ಆಯಿಲ್ ಒಂದು ಹನಿ ಬಿಟ್ಟರು. ಸಿಯರಿನ ಅಂಚನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಎಂಬತ್ತು ವರ್ಷ ಕಳೆದರೂ ಕನ್ನಡಿಯಂತಿತ್ತು. "ಇದನ್ನ ಕಲ್ಲಿಗೆ ಉಜ್ಜಿ ಹಗುರ ಮಾಡಿಕೊಡಿ ಅಂತ ಬರೋರಿದ್ದಾರೆ. ನಾನು ಮಾಡಲ್ಲ" ಎಂದರು. ಕಾರಣ ಎರಡು. ಈ ಅಂಚಿನ ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಮೆದು. ತೆಳುವಾದ ಆ ಗಟ್ಟಿ ಪದರವನ್ನು ಉಜ್ಜಿ ತೆಗೆದರೆ ಮೆದು ಉಕ್ಕು ಬೇಗ ಸವೆಯುತ್ತದೆ. ಎರಡನೆಯದು ಕೋನ. ಅಂಚುಗಳು ಕೂಡುವ ಕೋನ ಒಂದು ಕಡೆಗೆ ಕೂದಲೆಳೆಯಷ್ಟು ವಾಲಿದರೆ ಟ್ರಿಗರ್ ಎಳೆಯುವಾಗ ಪಿನ್ನನ್ನು ಇನ್ನಷ್ಟು ಹಿಂದಕ್ಕೆ ತಳ್ಳಬೇಕಾಗುತ್ತದೆ, ಎಳೆತ ಭಾರವಾಗುತ್ತದೆ, ಹಿಡಿತ ಭದ್ರವಾಗುತ್ತದೆ. ಇನ್ನೊಂದು ಕಡೆಗೆ ವಾಲಿದರೆ ಸ್ಪ್ರಿಂಗಿನ ಬಲವೇ ಸಿಯರನ್ನು ಕೆಳಗೆ ತಳ್ಳುತ್ತದೆ. ಆಗ ತೂಬಿನ ಬಿರಡೆಯನ್ನು ನೀರೇ ಎತ್ತಿದಂತೆ.

ಹೊಸ ಟ್ರಿಗರಿನ ವಿಷಯವನ್ನೂ ಕೇಳಿದೆವು. ಅವರು ಹೇಳಿದ್ದು ಅಚ್ಚುಕಟ್ಟಾದ ಒಂದು ಪಾಠದಂತಿತ್ತು. ಮೊದಲು, ಆ ಟ್ರಿಗರ್ ನಿಮ್ಮ ಬೋಲ್ಟಿನ ಮಾದರಿಗೇ ಮಾಡಿದ್ದಾಗಿರಬೇಕು. ಮೌಸರುಗಳಲ್ಲೇ ಹಲವು ತಳಿ. ಎರಡನೆಯದು ಸೇಫ್ಟಿ. ಮೌಸರಿನ ಸೇಫ್ಟಿ ಬೋಲ್ಟಿನ ಹಿಂಬದಿಯಲ್ಲಿ ರೆಕ್ಕೆಯಂತೆ ತಿರುಗಿ, ಪಿನ್ನನ್ನು ಸಿಯರಿನಿಂದ ತುಸು ಹಿಂದಕ್ಕೆಳೆದು ತಾನೇ ಹಿಡಿದುಕೊಳ್ಳುತ್ತದೆ. ಹೊಸ ಸಿಯರ್ ಹಳೆಯದಕ್ಕಿಂತ ಸ್ವಲ್ಪ ಹಿಂದೆಯೋ ಮುಂದೆಯೋ ಇದ್ದರೂ ಈ ರೆಕ್ಕೆ ಹೊಂದುವುದಿಲ್ಲ. ಕೂರಿಸುವ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಹೊಸ ಟ್ರಿಗರಿನ ಪೆಟ್ಟಿಗೆ ಮರಕ್ಕೆ ತಾಗಬಾರದು, ಮಳೆಗಾಲದಲ್ಲಿ ಮರ ಉಬ್ಬಿದರೂ ತಾಗಬಾರದು.

ಕೂರಿಸಿದ ಮೇಲೆ ಪರೀಕ್ಷೆ. ತೋಟಾ ಇಲ್ಲದೆ ಬೋಲ್ಟನ್ನು ಜೋರಾಗಿ ಹತ್ತಾರು ಸಲ ಮುಚ್ಚಬೇಕು, ಒಮ್ಮೆಯೂ ಪಿನ್ನು ಬೀಳಬಾರದು. ಸೇಫ್ಟಿ ಹಾಕಿ ಟ್ರಿಗರನ್ನು ಬಲವಾಗಿ ಎಳೆದು, ಬೆರಳು ತೆಗೆದು, ಸೇಫ್ಟಿ ಸರಿಸಬೇಕು, ಆಗಲೂ ಬೀಳಬಾರದು. ರಬ್ಬರ್ ಸುತ್ತಿಗೆಯಿಂದ ಹಿಡಿಗೆ, ಪಕ್ಕಕ್ಕೆ ಬಡಿಯಬೇಕು, ಬೀಳಬಾರದು. ಕೊನೆಗೆ ಎಳೆತದ ತೂಕ. ನಮ್ಮ ಹಳೆಯ ಟ್ರಿಗರಿಗೇ ಈ ಪರೀಕ್ಷೆಗಳನ್ನೆಲ್ಲ ಮಾಡಿ, ಸ್ಪ್ರಿಂಗ್ ತ್ರಾಸಿನ ಕೊಕ್ಕೆ ಸಿಕ್ಕಿಸಿ ಎಳೆದರು. 2.4 ಕಿಲೋ. ಮತ್ತೆ ಎಳೆದರು, 2.4. ಮತ್ತೆ, 2.5. "ಭಾರ ಇದೆ, ಆದರೆ ಮಾತಿಗೆ ತಪ್ಪಲ್ಲ" ಎಂದರು. ಪ್ರತಿ ಸಲ ಒಂದೇ ಕಡೆ, ಒಂದೇ ಭಾರಕ್ಕೆ ಬಿಡುವ ಟ್ರಿಗರಿಗೆ ಬೆರಳು ಒಗ್ಗುತ್ತದೆ. ಇವತ್ತು ಒಂದು, ನಾಳೆ ಎರಡು ಕಿಲೋ ಎನ್ನುವ ಟ್ರಿಗರ್ ಎಷ್ಟು ಹಗುರವಿದ್ದರೂ ನಂಬಿಕೆಗೆ ಬಾರದು.

ಟ್ರಿಗರ್ ತರಬೇಡ ಎಂದು ಅಣ್ಣನಿಗೆ ಅಂದೇ ಫೋನ್ ಮಾಡಿದೆವು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಲೈಸೆನ್ಸ್ ಇಲ್ಲದೆ ಸೂಟ್‌ಕೇಸಿನಲ್ಲಿ ಟ್ರಿಗರ್ ತರುವುದು ಕೋವಿ ತಂದಷ್ಟೇ ದೊಡ್ಡ ಅಪರಾಧ. ರಿಪೇರಿಯನ್ನೂ ಲೈಸೆನ್ಸ್ ಇದ್ದವರೇ ಮಾಡಬೇಕು. ಮೇಸ್ತ್ರಿಯ ಭೂತಗನ್ನಡಿಯಲ್ಲಿ ಆ ಅಂಚನ್ನು ನೋಡಿದ ಮೇಲೆ ಈ ಕಾನೂನು ನನಗೆ ಹೊರೆ ಎನಿಸಿಲ್ಲ.

ಎಮ್ಮೆದೊಡ್ಡಿಯ ದಿಕ್ಕಿಗೆ

ನಮ್ಮ ತೋಟದ ಆಚೆಗಿನ ಬೆಟ್ಟಸಾಲಿನ ಬುಡದಲ್ಲಿ ಎಮ್ಮೆದೊಡ್ಡಿ. ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತನ್ನ ಮೊದಲ ಪುಸ್ತಕದಲ್ಲಿ ಈ ಊರಿನ ನರಭಕ್ಷಕ ಹುಲಿಯ ಮೇಲೇ ಒಂದು ಅಧ್ಯಾಯವಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕಥೆಗಳು' ಮೂಲಕ ಆಂಡರ್ಸನ್ ಕನ್ನಡದ ಮನೆಮನೆಗೆ ಬಂದ. ಅವನ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, ಕೆಳಗಿನ ಸನ್ನೆಗೋಲಿನಿಂದ ತೋಟಾ ತುಂಬುವ ರೈಫಲ್. ಕುಮಾವೂನಿನ ಜಿಮ್ ಕಾರ್ಬೆಟ್‌ಗೆ ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಸಿಕ್ಕಿದ .275 ರಿಗ್ಬಿ ಮಾತ್ರ ನಮ್ಮ ಅಜ್ಜನ ಕೋವಿಯ ಹಾಗೆ ಮೌಸರ್ ಬೋಲ್ಟಿನದು. ಇಬ್ಬರೂ ರಾತ್ರಿಯಿಡೀ ಮರದ ಮೇಲೆ ಕೂತು, ಬೆರಳು ಮರಗಟ್ಟುವ ಚಳಿಯಲ್ಲಿ, ಒಂದು ಗಳಿಗೆಗಾಗಿ ಕಾದವರು. ಅವರ ಕಥೆಗಳಲ್ಲಿ ಗುಂಡು ಹಾರುವುದು ಒಂದು ಸಾಲು. ಉಳಿದ ಪುಟಗಳೆಲ್ಲ ಕಾಯುವುದರ ಬಗ್ಗೆ.

1972ರ ವನ್ಯಜೀವಿ ಕಾಯಿದೆಯ ನಂತರ ಬೇಟೆ ನಿಂತಿದೆ. ಬೆಟ್ಟದಾಚೆಯ ಭದ್ರಾ 1998ರಿಂದ ಹುಲಿ ಮೀಸಲು. ಕಡೂರಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳು ನಿರ್ಭಯವಾಗಿ ಮೇಯುತ್ತವೆ. ತೋಟಕ್ಕೆ ಕಾಡುಹಂದಿ ನುಗ್ಗಿದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗುಂಡು ಹಾರಿಸುವಂತಿಲ್ಲ. ದೊಡ್ಡಪ್ಪ ತಗಡು ಬಡಿಯುತ್ತಾರೆ, ಪಟಾಕಿ ಹಚ್ಚುತ್ತಾರೆ, ಬೇಲಿ ಸರಿಮಾಡುತ್ತಾರೆ. ಕೋವಿ ಪೆಟ್ಟಿಗೆಯಲ್ಲಿದೆ, ತೋಟಾ ಬೇರೆ ಬೀರುವಿನಲ್ಲಿ. ಆ ನಳಿಗೆಯಿಂದ ಗುಂಡು ಹೊರಟು ಎಷ್ಟೋ ವರ್ಷಗಳಾಗಿವೆ.

ಮೇಸ್ತ್ರಿಯಿಂದ ಮರಳುವಾಗ ದೊಡ್ಡಪ್ಪ ಅಯ್ಯನಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಲು ಹೇಳಿದರು. ಕೆರೆ ತುಂಬಿತ್ತು. ತೂಬಿನಿಂದ ಹೊರಟ ನೀರು ಕಾಲುವೆಯಲ್ಲಿ ಸದ್ದಿಲ್ಲದೆ ಹರಿಯುತ್ತಿತ್ತು. ಸ್ವಲ್ಪ ಹೊತ್ತು ನೋಡಿ, "ಇನ್ನು ಮೇಲೆ ಕೊಬ್ಬರಿ ಎಣ್ಣೆ ತಲೆಗೆ ಮಾತ್ರ. ಕೋವಿಯನ್ನ ತಿಂಗಳಿಗೊಂದು ಸಲ ಬಿಚ್ಚಿ ನೋಡಬೇಕು ಮಗಾ. ಹಾರಿಸೋಕಲ್ಲ, ತಡೀತಾ ಇದೆಯಾ ಅಂತ ನೋಡೋಕೆ" ಎಂದರು. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಜಗಲಿಯಲ್ಲಿ ಖಾಲಿ ಕೋವಿಯ ಬೋಲ್ಟನ್ನು ಇಪ್ಪತ್ತು ಸಲ ಮುಚ್ಚಿ, ಕಿವಿಗೊಟ್ಟು ಕೇಳುತ್ತಾರೆ. ಇದುವರೆಗೆ ಆ ಸದ್ದು ಮತ್ತೆ ಬಂದಿಲ್ಲ.